ವಯಸ್ಸಾದ ಶೆಫರ್ಡ್‌ಗೆ ಆಟ ಬಿಡಿಸಬೇಡಿ, ಬದಲಿಸಿ

ನಮ್ಮ ಚಿನ್ನಿಗೆ ಈಗ ಒಂಬತ್ತು ವರ್ಷ. ಜರ್ಮನ್ ಶೆಫರ್ಡ್. ಮೂತಿಯೆಲ್ಲ ನರೆತಿದೆ. ಹೋದ ವರ್ಷ ವಯಸ್ಸಾಯಿತು, ಆರಾಮಾಗಿರಲಿ ಅಂತ ಅವಳ ತರಬೇತಿಯನ್ನು ಪೂರ್ತಿ ನಿಲ್ಲಿಸಿಬಿಟ್ಟೆ. ಎರಡೇ ತಿಂಗಳಲ್ಲಿ ತೂಕ ಏರಿತು, ಮಂಕಾದಳು, ಏಳುವುದಕ್ಕೂ ಕಷ್ಟಪಡತೊಡಗಿದಳು. ಕೆಲಸಕ್ಕೆಂದೇ ಬೆಳೆದು ಬಂದ ತಳಿ ಇದು. ಕೆಲಸ ಕಿತ್ತುಕೊಂಡರೆ ಅದಕ್ಕೆ ಶಿಕ್ಷೆ ಕೊಟ್ಟ ಹಾಗೆ. ನಾವು ಕಿತ್ತುಕೊಳ್ಳಬೇಕಾದದ್ದು ಕೀಲುಗಳ ಮೇಲೆ ಬೀಳುವ ಭಾರವನ್ನು ಮಾತ್ರ.

ನಾನು ಹೇಳುತ್ತಿರುವುದು ಐಜಿಪಿ ಎಂಬ ನಾಯಿಗಳ ಆಟದ ಬಗ್ಗೆ. ಜರ್ಮನಿಯಲ್ಲಿ ಹುಟ್ಟಿದ ಇದನ್ನು ಹಿಂದೆ ಶುಟ್ಸ್‌ಹುಂಡ್ ಎನ್ನುತ್ತಿದ್ದರು. ಜಾಡು ಹಿಡಿಯುವುದು, ಹೇಳಿದ ಮಾತು ಕೇಳುವುದು, ರಕ್ಷಣೆ ಎಂದು ಮೂರು ಭಾಗ. ಒಂದೊಂದಕ್ಕೂ 100 ಅಂಕ. ಸ್ಪರ್ಧೆಗೆ ಹೋಗದಿದ್ದರೂ ಈ ಮೂರನ್ನೂ ಮುದಿ ನಾಯಿಯ ಜೊತೆ ಆಡಬಹುದು.

ಮೊದಲು ಪಶುವೈದ್ಯರ ಹತ್ತಿರ ಹೋಗಿ. ಸೊಂಟದ ಕೀಲು, ಬೆನ್ನುಮೂಳೆಯ ಎಕ್ಸ್‌ರೇ ಮಾಡಿಸಿ. ಹೃದಯ, ರಕ್ತ ಪರೀಕ್ಷೆಯೂ ಆಗಲಿ. ಬಾಯಿ ತೆರೆಸಿ 42 ಹಲ್ಲನ್ನೂ ನೋಡಿಸಿ, ಅದರಲ್ಲೂ ನಾಲ್ಕು ಕೋರೆಹಲ್ಲುಗಳನ್ನು. ಬಿರುಕು ಬಿಟ್ಟ ಕೋರೆಹಲ್ಲಿರುವ ನಾಯಿಗೆ ಕಚ್ಚಿ ಎಳೆಯುವ ಆಟ ಬೇಡವೇ ಬೇಡ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗದಿದ್ದರೆ ಮೊದಲು ತೂಕ ಇಳಿಸಿ.

ಮೂಗಿನಿಂದ ಶುರು ಮಾಡಿ

ವಯಸ್ಸಾದ ನಾಯಿಗೆ ನನ್ನ ಪ್ರಕಾರ ಜಾಡು ಹಿಡಿಯುವುದಕ್ಕಿಂತ ಒಳ್ಳೆಯ ಆಟ ಇಲ್ಲ. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 60 ಲಕ್ಷ ಇದ್ದರೆ, ಶೆಫರ್ಡ್ ಮೂಗಿನಲ್ಲಿ 20 ಕೋಟಿಗೂ ಜಾಸ್ತಿ. ಓಟ ನಿಧಾನವಾದರೂ ಮೂಗು ಚುರುಕಾಗಿಯೇ ಇರುತ್ತದೆ.

ಬೆಳಿಗ್ಗೆ ಇಬ್ಬನಿ ಆರುವ ಮುನ್ನ ಗರಿಕೆ ಹುಲ್ಲಿರುವ ಜಾಗಕ್ಕೆ ಹೋಗಿ. ರಾಗಿ ಕೊಯ್ದ ಹೊಲ ಹತ್ತಿರವಿರಬಹುದು, ಆದರೆ ಕೂಳೆ ಪಾದಕ್ಕೆ ಚುಚ್ಚುತ್ತದೆ. ನಾಯಿಯನ್ನು ನೆರಳಲ್ಲಿ ಕಟ್ಟಿ, ಶುರುವಿನಲ್ಲಿ ಒಂದು ಕಡ್ಡಿ ನೆಡಿ. ಅಲ್ಲಿಂದ ನೇರವಾಗಿ 50 ಹೆಜ್ಜೆ, ಹಿಮ್ಮಡಿ ಒತ್ತಿ ನಡೆಯಿರಿ. ಪ್ರತಿ ಹೆಜ್ಜೆಗುರುತಿನಲ್ಲೂ ಬೇಯಿಸಿದ ಕೋಳಿಯ ಚೂರು ಇಡಿ, ಕಡಲೆಕಾಳಿನಷ್ಟು ಸಾಕು. ಕೊನೆಯಲ್ಲಿ ಒಂದು ತುಂಡು ಚರ್ಮವನ್ನೋ ಮರದ ಚೂರನ್ನೋ ಇಟ್ಟು, ದೂರದಿಂದ ಸುತ್ತಿಕೊಂಡು ವಾಪಸ್ ಬನ್ನಿ. ಹತ್ತು ನಿಮಿಷ ಬಿಟ್ಟು ಬೆಲ್ಟ್ ಹಾಕಿ, ಉದ್ದ ಹಗ್ಗದಲ್ಲಿ ಬಿಡಿ.

ನೀವು ಮಾತಾಡಬೇಡಿ, ಎಳೆಯಬೇಡಿ. ತಲೆ ಎತ್ತಿದರೆ ಸುಮ್ನೆ ನಿಂತುಕೊಳ್ಳಿ, ಅದೇ ಮೂಗು ಇಳಿಸುತ್ತದೆ. ಕಲಿತ ಮೇಲೆ ತಿರುವು ಸೇರಿಸಿ, ಚೂರುಗಳನ್ನು ಕಡಿಮೆ ಮಾಡಿ. ಐಜಿಪಿ ಮೂರನೇ ಹಂತದಲ್ಲಿ ಜಾಡು 600 ಹೆಜ್ಜೆ ಇರುತ್ತದೆ. ನಾವು 200ಕ್ಕೆ ನಿಲ್ಲಿಸಿದ್ದೇವೆ, ಚಿನ್ನಿಗೆ ಅಷ್ಟೇ ಹಿತ. ಕೊನೆಯಲ್ಲಿಟ್ಟ ವಸ್ತು ಸಿಕ್ಕಿತೆಂದು ನಾಯಿ ಮಲಗಿಯೇ ತೋರಿಸಬೇಕೆಂದೇನಿಲ್ಲ. ಕೂತು ಅಥವಾ ನಿಂತು ತೋರಿಸುವುದಕ್ಕೂ ನಿಯಮದಲ್ಲಿ ಅವಕಾಶವಿದೆ. ಸೊಂಟ ನೋಯುವ ನಾಯಿಗೆ ನಿಂತು ತೋರಿಸುವುದನ್ನೇ ಕಲಿಸಿ.

ಮಾತು ಕೇಳುವ ಭಾಗ ಸುಲಭ. ಹಳೆಯ ನಾಯಿಗೆ ಎಲ್ಲಾ ಗೊತ್ತಿರುತ್ತದೆ. ಜೊತೆಗೆ ನಡೆಯುವುದು, ಕೂರುವುದು, ವಸ್ತು ತಂದುಕೊಡುವುದು ಇರಲಿ. ಒಂದು ಮೀಟರ್ ಎತ್ತರದ ಹಾರುವ ತಡೆ, ಹತ್ತಿಳಿಯುವ ಇಳಿಜಾರು ಗೋಡೆ ಎರಡನ್ನೂ ಕೈಬಿಡಿ. ಕಿವಿ ಮಂದವಾಗುವ ಮುಂಚೆಯೇ ಕೈಸನ್ನೆ ಕಲಿಸಿಬಿಡಿ, ಮುಂದೆ ತುಂಬಾ ಉಪಯೋಗಕ್ಕೆ ಬರುತ್ತದೆ.

ರಕ್ಷಣೆಯ ಆಟ

ಇದು ಎಲ್ಲಾ ನಾಯಿಗೂ ಅಲ್ಲ. ಮುಂಚೆ ಕಲಿತ, ಜನರ ಮಧ್ಯೆ ಧೈರ್ಯವಾಗಿರುವ, 'ಬಿಡು' ಅಂದ ತಕ್ಷಣ ಬಿಡುವ ನಾಯಿಗೆ ಮಾತ್ರ. ಹೆದರಿ ಕಚ್ಚುವ ನಾಯಿಗಾಗಲೀ, ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ನಾಯಿಗಾಗಲೀ ಬೇಡ. ಅವುಗಳಿಗೆ ಹಗ್ಗ ಎಳೆಯುವ ಆಟವೇ ಸಾಕು.

ಅನುಭವ ಇರುವ ಹೆಲ್ಪರ್ ಇಲ್ಲದೆ ಮಾಡಬೇಡಿ. ಹೆಲ್ಪರ್ ಅಂದರೆ ತೋಳಿಗೆ ದಪ್ಪ ಸ್ಲೀವ್ ಹಾಕಿಕೊಂಡು ನಾಯಿಯ ಎದುರು ನಿಲ್ಲುವವರು. ವಯಸ್ಸಾದ ನಾಯಿಗೆ ಗಟ್ಟಿ ಸ್ಲೀವ್ ಬದಲು ಮೆತ್ತನೆಯ ದಿಂಬು ಕೇಳಿ. ಅದನ್ನು ನಾಯಿಯ ಎದೆಯ ಮಟ್ಟದಲ್ಲಿ ಹಿಡಿಯಲಿ. ಹೆಲ್ಪರ್ ಅಲುಗಾಡದೆ ನಿಲ್ಲಲಿ, ನಾಯಿ ಎದುರು ನಿಂತು ಬೊಗಳಲಿ. ಐದಾರು ಬೊಗಳಿಗೆ ಒಂದು ಹಿಡಿತ, ನೇರವಾಗಿ ಸ್ವಲ್ಪ ಎಳೆದಾಟ, ಆಮೇಲೆ ದಿಂಬನ್ನು ಅದಕ್ಕೇ ಬಿಟ್ಟುಕೊಡಿ. ಬಾಯಲ್ಲಿ ಹಿಡಿದುಕೊಂಡು ಹೆಮ್ಮೆಯಿಂದ ನಡೆಯಲಿ. ಮೂರು ಸಲ ಆದರೆ ಆ ದಿನಕ್ಕೆ ಸಾಕು.

ದೂರದಿಂದ ಓಡಿಬಂದು ಎಗರುವುದು, ಕಚ್ಚಿದ ನಾಯಿಯನ್ನು ಎತ್ತಿ ತಿರುಗಿಸುವುದು ಬೇಡ. ಒಮ್ಮೆ ಚಿನ್ನಿಯ ಉತ್ಸಾಹ ನೋಡಿ ನಾನು ದೂರದಿಂದ ಬಿಟ್ಟೆ. ಮೂರು ವಾರ ಕುಂಟಿದಳು. ಉತ್ಸಾಹದಲ್ಲಿರುವ ಶೆಫರ್ಡ್ ನೋವನ್ನು ತೋರಿಸುವುದೇ ಇಲ್ಲ. ಹಾಗಾಗಿ ಯಾವಾಗ ನಿಲ್ಲಿಸಬೇಕೆಂದು ನಾವೇ ನಿರ್ಧರಿಸಬೇಕು, ಅಲ್ವಾ?

ಪ್ರತಿ ಸಲವೂ ಮುಂಚೆ ಹತ್ತು ನಿಮಿಷ ನಡೆಸಿ ಮೈ ಬಿಸಿ ಮಾಡಿ, ಆಮೇಲೆ ಹತ್ತು ನಿಮಿಷ ನಡೆಸಿ ತಣಿಸಿ. ಬಿಸಿಲೇರುವ ಮೊದಲೇ ಮುಗಿಸಿ. ಹೊಟ್ಟೆ ತುಂಬಾ ತಿನ್ನಿಸಿ ಆಡಿಸಬೇಡಿ. ಶೆಫರ್ಡ್‌ನಂಥ ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಂಡು ಜೀವಕ್ಕೇ ಕುತ್ತು ಬರಬಹುದು.

ಮಾರನೇ ದಿನ ಬೆಳಿಗ್ಗೆ ಅದು ಹೇಗೆ ಏಳುತ್ತದೆ ನೋಡಿ. ಹಿಂಗಾಲು ಬಿಗಿದಿದ್ದರೆ, ಮೆಟ್ಟಿಲಿಗೆ ಹಿಂಜರಿದರೆ ಎರಡು ದಿನ ರಜೆ ಕೊಡಿ, ಮುಂದಿನ ಸಲ ಆಟ ಅರ್ಧ ಮಾಡಿ. ಆಮೇಲೂ ಕುಂಟಿದರೆ ವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಯಾವ ಕಾರಣಕ್ಕೂ ಕೊಡಬೇಡಿ, ಅವು ನಾಯಿಗೆ ವಿಷ.