ಅವಸರದ ಕೆಲಸದ ನಡುವೆ ಅಪ್‌ಡೇಟ್ ನುಗ್ಗದಂತೆ ಮಾಡುವುದು ಹೇಗೆ?

ಪುಟ, ಚಿತ್ರಗಳನ್ನು ರೂಪಿಸುವ ಅಡೋಬ್ ತಂತ್ರಾಂಶಗಳಾದ ಇನ್‌ಡಿಸೈನ್, ಇಲಸ್ಟ್ರೇಟರ್, ಫೋಟೋಶಾಪ್‌ಗಳ ದೊಡ್ಡ ಆವೃತ್ತಿಗಳು ಸಾಮಾನ್ಯವಾಗಿ ಅಕ್ಟೋಬರ್ ಆಸುಪಾಸಿನಲ್ಲಿ ಬರುತ್ತವೆ. ಮೈಸೂರಿನ ಡಿಟಿಪಿ ಕೇಂದ್ರಗಳಲ್ಲಿ ದಸರಾ ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆಗಳ ಒತ್ತಡ ಇರುವುದೂ ಆಗಲೇ. ಬೆನ್ನಿಗೇ ದೀಪಾವಳಿ, ರಾಜ್ಯೋತ್ಸವ. ಅರ್ಧ ಮುಗಿದ ಪುಸ್ತಕ ಮೇಜಿನ ಮೇಲಿರುವಾಗ ತಂತ್ರಾಂಶ ತಾನಾಗಿಯೇ ಬದಲಾದರೆ ಸಾಲುಗಳು ಜರುಗುತ್ತವೆ, ಪ್ಲಗಿನ್ (ಸೇರಿಸಿಕೊಂಡ ಉಪ-ತಂತ್ರಾಂಶ) ಕೈಕೊಡುತ್ತದೆ, ಪ್ರೆಸ್‌ನವರ ಹಳೆಯ ಆವೃತ್ತಿಯಲ್ಲಿ ಫೈಲ್ ತೆರೆಯುವುದಿಲ್ಲ. ಅಪ್‌ಡೇಟ್ ಬೇಡ ಎಂದಲ್ಲ, ಅದರ ದಿನವನ್ನು ನಾವು ಗೊತ್ತುಮಾಡಬೇಕು.

ಮೊದಲು ಈ ತಂತ್ರಾಂಶಗಳನ್ನು ಹಾಕಿ ನಿಭಾಯಿಸುವ ಕ್ರಿಯೇಟಿವ್ ಕ್ಲೌಡ್ ಆ್ಯಪ್ ತೆರೆದು ಪ್ರಿಫರೆನ್ಸಸ್‌ಗೆ ಹೋಗಿ, 'ಆ್ಯಪ್ಸ್' ವಿಭಾಗದಲ್ಲಿ ಆಟೋ-ಅಪ್‌ಡೇಟ್ ಆಫ್ ಮಾಡಿ. ಮುಂದೆ ನೀವೇ ಹೊಸ ಆವೃತ್ತಿ ಹಾಕುವಾಗ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಎರಡು ಗುರುತುಗಳನ್ನು ನೋಡಿ. ಹಳೆಯ ಸೆಟ್ಟಿಂಗ್ ತರುವ ಗುರುತು ಇರಲಿ, ಹಳೆಯ ಆವೃತ್ತಿ ತೆಗೆದುಹಾಕುವ ಗುರುತನ್ನು ತಪ್ಪದೆ ತೆಗೆಯಿರಿ. ಹೆಚ್ಚಿನ ಗೋಳು ಶುರುವಾಗುವುದು ಈ ಎರಡನೆಯದರಿಂದ. ಹೊಸ ಇಸವಿಯ ದೊಡ್ಡ ಆವೃತ್ತಿ ಹಳೆಯದರ ಪಕ್ಕದಲ್ಲೇ ಇರಬಲ್ಲದು. ಕೈಯಲ್ಲಿರುವ ಕೆಲಸವನ್ನು ಹಳೆಯದರಲ್ಲೇ ಮುಗಿಸಬಹುದು. ಆದರೆ 20.0ದಿಂದ 20.1ಕ್ಕೆ ಹೋಗುವಂಥ ಸಣ್ಣ ಅಪ್‌ಡೇಟ್ ಹಳೆಯದರ ಮೇಲೆಯೇ ಕೂರುತ್ತದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ 'ವಿಂಡೋಸ್ ಅಪ್‌ಡೇಟ್'ಗೆ ಹೋಗಿ 5 ವಾರದವರೆಗೆ ಅಪ್‌ಡೇಟನ್ನು ಪಾಸ್ (ತಾತ್ಕಾಲಿಕ ತಡೆ) ಮಾಡಬಹುದು. ಅಪ್‌ಡೇಟ್‌ಗಾಗಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗದ ಹೊತ್ತು, ಅಂದರೆ ಆ್ಯಕ್ಟಿವ್ ಅವರ್ಸ್, ಗರಿಷ್ಠ 18 ಗಂಟೆ. ಅಂಗಡಿಯ ವೇಳೆಯ ಜೊತೆಗೆ ರಾತ್ರಿ ಮುದ್ರಣದ ಪ್ಲೇಟ್‌ಗೆ ಫೈಲ್ ಕಳಿಸುವ ಹೊತ್ತನ್ನೂ ಸೇರಿಸಿ.

ಅಪ್‌ಡೇಟ್ ಆಗಲೇ ಆಗಿಹೋಗಿದೆಯೇ? ಗಾಬರಿ ಬೇಡ. ಹಳೆಯ ಫೈಲನ್ನು ತೆರೆದು ಸೇವ್ ಒತ್ತುವ ಮೊದಲು ಮೂಲದ ಪ್ರತಿಯೊಂದನ್ನು ಬೇರೆ ಫೋಲ್ಡರ್‌ಗೆ ಹಾಕಿ. ಇನ್‌ಡಿಸೈನ್‌ನಲ್ಲಿ ಹಳೆಯ ಫೈಲ್ ತೆರೆದರೆ ಮೇಲ್ಪಟ್ಟಿಯಲ್ಲಿ 'ಕನ್ವರ್ಟೆಡ್' ಎಂದು ಕಾಣುತ್ತದೆ, ಅದೇ ಎಚ್ಚರಿಕೆ. ನಂತರ ಕ್ರಿಯೇಟಿವ್ ಕ್ಲೌಡ್‌ನಲ್ಲಿ ಆ ತಂತ್ರಾಂಶದ ಪಕ್ಕದ ಮೂರು ಚುಕ್ಕಿ ಒತ್ತಿ, 'ಅದರ್ ವರ್ಷನ್ಸ್'ನಿಂದ ಬೇಕಾದ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಿ. ತೀರಾ ಹಳೆಯವು ಅಲ್ಲಿ ಸಿಗುವುದಿಲ್ಲ. ಅನ್‌ಇನ್‌ಸ್ಟಾಲ್ ಮಾಡುವಾಗ ಪ್ರಿಫರೆನ್ಸಸ್ ಉಳಿಸಬೇಕೇ ಎಂದು ಕೇಳಿದರೆ 'ಕೀಪ್' ಒತ್ತಿ.

ಇನ್‌ಡಿಸೈನ್ ಫೈಲ್ ಹೊಸದರಲ್ಲಿ ಸೇವ್ ಆಗಿಬಿಟ್ಟಿದ್ದರೆ 'ಸೇವ್ ಆ್ಯಸ್'ನಲ್ಲಿ ಐಡಿಎಂಎಲ್ (ಹಳೆಯ ಆವೃತ್ತಿಗಳೂ ಓದಬಲ್ಲ ಫೈಲ್ ಬಗೆ) ಆರಿಸಿ. ಮಂಡ್ಯದ ಪ್ರೆಸ್‌ನಲ್ಲಿ ಹಳೆಯ ಇನ್‌ಡಿಸೈನ್ ಇದ್ದರೂ ಅದು ತೆರೆಯುತ್ತದೆ. ಹೊಸ ಸೌಲಭ್ಯದಿಂದ ಮಾಡಿದ ಎಫೆಕ್ಟ್‌ಗಳು ಮಾತ್ರ ಬಿಟ್ಟುಹೋಗಬಹುದು. ಚಿತ್ರ ಬಿಡಿಸುವ ಇನ್ನೊಂದು ತಂತ್ರಾಂಶ ಕೋರೆಲ್‌ಡ್ರಾದಲ್ಲಿ ಸೇವ್ ಮಾಡುವಾಗಲೇ ವರ್ಷನ್ ಪಟ್ಟಿಯಿಂದ ಹಳೆಯದನ್ನು ಆರಿಸಬಹುದು.

ಕನ್ನಡದ ಕೆಲಸಕ್ಕೆ ಇನ್ನೂ ಒಂದು ಕಣ್ಣು ಬೇಕು. ಸೆಟ್ಟಿಂಗ್ ಅಳಿಸಿಹೋದರೆ ಯೂನಿಕೋಡ್ ಅಕ್ಷರದಲ್ಲಿ ಒತ್ತು ಕಳಚಿಕೊಂಡು 'ಸ್ತ್ರೀ', 'ಲಕ್ಷ್ಮೀ' ಒಡೆಯಬಹುದು. ಇನ್‌ಡಿಸೈನ್‌ನ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಜಸ್ಟಿಫಿಕೇಷನ್‌ಗೆ ಹೋಗಿ ಕಂಪೋಸರ್ (ಅಕ್ಷರ, ಸಾಲು ಜೋಡಿಸುವ ವಿಧಾನ) 'ವರ್ಲ್ಡ್-ರೆಡಿ' ಇದೆಯೇ ನೋಡಿ. ಇಲಸ್ಟ್ರೇಟರ್‌ನಲ್ಲಿ ಟೈಪ್ ಪ್ರಿಫರೆನ್ಸಸ್‌ನ 'ಶೋ ಇಂಡಿಕ್ ಆಪ್ಷನ್ಸ್' ಗುರುತಿಸಿ. ಯೂನಿಕೋಡ್‌ಗೆ ಮುಂಚಿನ ಆಸ್ಕಿ ಸಂಕೇತದಲ್ಲಿ, ನುಡಿ ತಂತ್ರಾಂಶದಿಂದ ಟೈಪ್ ಮಾಡಿದ ಪಠ್ಯಕ್ಕೆ ಈ ಕಾಟವಿಲ್ಲ; ಅಲ್ಲಿ ಒತ್ತಕ್ಷರವೂ ಫಾಂಟ್‌ನೊಳಗಿನ ಬೇರೆ ಅಚ್ಚೇ. ಆದರೆ ಪಿಎಫ್‌ಬಿ ವಿಸ್ತರಣೆಯ ಹಳೆಯ ಬಗೆಯ ಟೈಪ್ 1 ಫಾಂಟ್‌ಗಳಿದ್ದರೆ ಹುಷಾರು. ಫೋಟೋಶಾಪ್ 2021ರಲ್ಲೇ ಅವುಗಳನ್ನು ಕೈಬಿಟ್ಟಿತು, ಇನ್‌ಡಿಸೈನ್ ಮತ್ತು ಇಲಸ್ಟ್ರೇಟರ್ 2023ರಲ್ಲಿ.

ಹೊಸ ಆವೃತ್ತಿಯನ್ನು ನಂಬುವ ಮೊದಲು ಪರೀಕ್ಷಿಸಿ. ಒಂದೇ ಫೈಲಿನ ಪಿಡಿಎಫ್ ಅನ್ನು ಹಳೆಯದರಿಂದಲೂ ಹೊಸದರಿಂದಲೂ ತೆಗೆಯಿರಿ. ಎರಡನ್ನೂ ಫೋಟೋಶಾಪ್‌ನಲ್ಲಿ 300 ಡಿಪಿಐಗೆ ತೆರೆದು, ಒಂದರ ಮೇಲೊಂದು ಲೇಯರ್ ಮಾಡಿ, ಮೇಲಿನದಕ್ಕೆ 'ಡಿಫರೆನ್ಸ್' ಬ್ಲೆಂಡಿಂಗ್ ಕೊಡಿ. ಪುಟ ಪೂರ್ತಿ ಕಪ್ಪಾದರೆ ಎರಡೂ ಒಂದೇ. ಬೆಳ್ಳಗೆ ಗೆರೆ ಕಂಡ ಕಡೆ ಅಕ್ಷರವೋ ಸಾಲೋ ಸರಿದಿದೆ.

ದೊಡ್ಡ ಆವೃತ್ತಿಗೆ ಆಷಾಢವೇ ಒಳ್ಳೆಯ ಕಾಲ. ಲಗ್ನಪತ್ರಿಕೆಯ ಕೆಲಸ ಕಡಿಮೆ, ಅಕ್ಟೋಬರ್‌ನಲ್ಲಿ ಬಂದ ಆವೃತ್ತಿಯ ದೋಷಗಳೂ ಅಷ್ಟರಲ್ಲಿ ಬಹುಪಾಲು ತಿದ್ದಿರುತ್ತವೆ, ದಸರಾಕ್ಕೆ ಮುನ್ನ ಕೈ ಪಳಗಿಸಿಕೊಳ್ಳಲು ಸಮಯ ಸಿಗುತ್ತದೆ. ಭದ್ರತೆಯ ಸಣ್ಣ ತಿದ್ದುಪಡಿಗಳನ್ನು ಮಾತ್ರ ಅಷ್ಟು ಕಾಲ ತಡೆಯಬೇಡಿ: ಪ್ಲೇಟ್‌ಗೆ ಫೈಲ್ ಹೋದ ದಿನ ಸಂಜೆ, ಬ್ಯಾಕಪ್ ತೆಗೆದುಕೊಂಡು ಹಾಕಿಬಿಡಿ.