ಗಾಳ ಹಾಕಲು ಯಾವ ಹೊಳೆ? ತುಂಗಭದ್ರಾ, ವರದಾ, ಕುಮುದ್ವತಿಗಳನ್ನು ತೂಗಿ ನೋಡುವ ಕ್ರಮ

ಹಾವೇರಿ, ಗದಗ ಜಿಲ್ಲೆಗಳಲ್ಲಿ ಗಾಳದ ಕೋಲು ಹಿಡಿದು ಹೊರಡುವವರಿಗೆ ಹೊಳೆಗಳ ಕೊರತೆಯಿಲ್ಲ. ಆದರೆ ‘ತುಂಗಭದ್ರೆಯೇ ದೊಡ್ಡ ಹೊಳೆ, ದೊಡ್ಡ ಮೀನೂ ಅಲ್ಲಿಯೇ’ ಎಂದು ತಿಂಗಳು, ನೀರು ಯಾವುದನ್ನೂ ವಿಚಾರಿಸದೆ ಹೊರಟವರು ಬರಿಗೈಯಲ್ಲಿ ಮರಳುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ನಾವು ಹೋಗುವ ತಿಂಗಳಿನಲ್ಲಿ ನೀರು ಎಷ್ಟು ಆಳ ನಿಂತಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ, ಎಷ್ಟು ತಿಳಿಯಾಗಿದೆ ಎಂಬ ಮೂರು ಸಂಗತಿಗಳಿಂದಲೇ ಹೊಳೆಯ ಯೋಗ್ಯತೆಯನ್ನು ಅಳೆಯಬೇಕು.

ಮೊದಲು ಯಾವಾಗ ಹೋಗಬಾರದೆಂಬುದನ್ನು ಹೇಳುತ್ತೇನೆ. ಸ್ಕಾಟ್ಲೆಂಡಿನ ಟೇ, ಸ್ಪೇ, ಟ್ವೀಡ್ ನದಿಗಳನ್ನು ಹೋಲಿಸುವ ಸಾಲ್ಮನ್ ಗಾಳಗಾರರು ಮೀನು ಸಮುದ್ರದಿಂದ ಯಾವಾಗ ಮೇಲೇರುತ್ತದೆ ಎಂಬುದಕ್ಕೆ ಹೆಚ್ಚಿನ ಬೆಲೆ ಕೊಡುತ್ತಾರೆ. ನಮ್ಮ ಹೊಳೆಯ ಮೀನು ಸಮುದ್ರವನ್ನು ಕಾಣದಿದ್ದರೂ ಮುಂಗಾರಿನ ಹೊಸ ನೀರಿಗೆ ತತ್ತಿಯಿಡಲು ಸೆಳವಿಗೆ ಎದುರಾಗಿ ಹತ್ತುತ್ತದೆ. ಮಲೆನಾಡಿನವರು ಇದನ್ನು ಹತ್ತುಮೀನು ಎನ್ನುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗಿನ ಆ ದಿನಗಳಲ್ಲಿ ತತ್ತಿ ತುಂಬಿದ ಒಂದು ಮೀನನ್ನು ಎತ್ತಿದರೆ ಸಾವಿರಾರು ಮರಿಗಳನ್ನು ಎತ್ತಿದಂತಾಗುವುದರಿಂದ ಕೋಲು ಮನೆಯಲ್ಲಿಯೇ ಇರಲಿ. ಉಳಿದ ಕಾಲದಲ್ಲಿಯೂ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮದ ನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಪರವಾನಿಗೆಯ ವಿಷಯವನ್ನೂ, ದಂಡೆಯ ಊರಿನ ಮೀನುಗಾರರಲ್ಲಿ ಆ ಭಾಗದ ಹಕ್ಕು ಯಾರದೆಂಬುದನ್ನೂ ಕೇಳಿಕೊಂಡೇ ಗಾಳ ಇಳಿಸಬೇಕು.

ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ಹುಟ್ಟುವ ತುಂಗಭದ್ರೆಯು ರಾಣೆಬೆನ್ನೂರು, ಹಾವೇರಿ ತಾಲೂಕುಗಳ ಅಂಚಿನಲ್ಲಿ ಹರಿದು ಮುಂಡರಗಿಯ ಕಡೆಗೆ ಸಾಗುತ್ತದೆ. ಬೇರೆ ಹೊಳೆಗಳು ಬತ್ತಿದ ಮೇಲೂ ಇದರ ಮಡುಗಳಲ್ಲಿ ನೀರು ಉಳಿಯುತ್ತದೆ. ಫೆಬ್ರುವರಿಯಿಂದ ಮೇ ತಿಂಗಳವರೆಗೆ ಇದಕ್ಕೆ ಸಾಟಿಯಾದ ಹೊಳೆ ಈ ಭಾಗದಲ್ಲಿ ಇಲ್ಲವೆಂಬುದು ನನ್ನ ಅಭಿಪ್ರಾಯ. ಹಮ್ಮಿಗಿಯ ಬ್ಯಾರೇಜಿನ ಹಿನ್ನೀರಿನಂತಹ ನಿಂತ ನೀರಿನಲ್ಲಿ ಕಾಟ್ಲಾ ಮೇಲ್ಪದರದಲ್ಲಿಯೂ, ರೋಹು ನಡುವಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುತ್ತವೆ. ಹಾಗಾಗಿ ನೀರಿನ ಮೇಲೆ ತೇಲುವ ಬೆಂಡಿನಿಂದ ಗಾಳದವರೆಗಿನ ದಾರದ ಉದ್ದವನ್ನು ಬೇಕಾದ ಮೀನಿಗೆ ತಕ್ಕಂತೆ ಹೊಂದಿಸಬೇಕು. ಶೇಂಗಾ ಹಿಂಡಿಯನ್ನು ನೆನೆಸಿ ಜೋಳದ ಹಿಟ್ಟಿನೊಂದಿಗೆ ನಾದಿ, ನೀರಿನಲ್ಲಿ ಬೇಗ ಕರಗದಷ್ಟು ಬಿಗಿಯಾಗಿ ಕಟ್ಟಿದ ಉಂಡೆ ಈ ಮೂರಕ್ಕೂ ಒಗ್ಗುತ್ತದೆ. ಸಣ್ಣ ಮೀನುಗಳನ್ನು ಬೇಟೆಯಾಡುವ ಬಾಳೆಮೀನು ಬೇಕೆಂದರೆ ಹೊತ್ತು ಮುಳುಗುವ ವೇಳೆಗೆ ಮಡುವಿನ ಅಂಚಿನಲ್ಲಿ ಸಣ್ಣ ಮೀನನ್ನೇ ಕೊಕ್ಕೆಗೆ ಚುಚ್ಚಬೇಕು.

ತುಂಗಭದ್ರೆಯ ದೋಷವೆಂದರೆ ಇಲ್ಲಿ ಮೋಡವೇ ಇಲ್ಲದ ದಿನವೂ ಮೇಲಿನ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಒಮ್ಮೆ ನಾನು ಹಾಸುಬಂಡೆಯ ಮೇಲೆ ಬುತ್ತಿ ಇಟ್ಟು ಗಾಳದ ಕಡೆಗೇ ಕಣ್ಣಿಟ್ಟಿದ್ದಾಗ, ಬೆನ್ನ ಹಿಂದೆ ಒಣಗಿದ್ದ ಕವಲಿನಲ್ಲಿ ಮೊಣಕಾಲುದ್ದ ನೀರು ಬಂದಿತ್ತು. ಬುತ್ತಿಯನ್ನು ಬಿಟ್ಟು ದಂಡೆ ಸೇರಿದೆ. ಅಂದಿನಿಂದ ಹೊಳೆಗೆ ಇಳಿದ ಕೂಡಲೇ ನೀರಿನ ಅಂಚಿನಲ್ಲಿ ಒಂದು ಕಡ್ಡಿಯನ್ನು ನೆಟ್ಟು, ಆಗಾಗ ನೋಡುತ್ತೇನೆ. ಕಡ್ಡಿಯ ಬುಡ ಮುಳುಗಿದರೆ ಎದ್ದುಬಿಡಬೇಕು. ಮರಳು ತೆಗೆದ ಗುಂಡಿಗಳಿರುವ ಕಡೆ ನೀರಿಗೆ ಇಳಿಯಲೇಬಾರದು, ಮೊಸಳೆಯ ಸುದ್ದಿಯಿರುವ ಮಡುವನ್ನು ಊರಿನವರ ಮಾತಿನಂತೆ ಬಿಟ್ಟುಬಿಡಬೇಕು.

ನವೆಂಬರ್‌ನಿಂದ ಜನವರಿಯವರೆಗೆ ನಾನು ವರದೆಯನ್ನೇ ಆರಿಸಿಕೊಳ್ಳುತ್ತೇನೆ. ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟಿ ಬನವಾಸಿಯ ಮೇಲೆ ಬರುವ ಈ ಹೊಳೆಗೆ ಮಲೆನಾಡಿನ ಮಳೆಯೇ ಆಧಾರವಾದ್ದರಿಂದ, ಮಳೆ ನಿಂತ ಮೇಲೆ ನೀರು ಒಂದೇ ಹದದಲ್ಲಿ ಇಳಿಯುತ್ತಾ ತಿಳಿಯಾಗುತ್ತದೆ. ಹೊಳೆಗೆ ಅಡ್ಡಲಾಗಿ ಕಟ್ಟಿದ ಸಣ್ಣ ಒಡ್ಡುಗಳಾದ ಬಾಂದಾರಗಳಿಗೆ ಹಲಗೆ ಹಾಕಿದ ಬಳಿಕ ನಿಲ್ಲುವ ನೀರಿನಲ್ಲಿ, ಜೊಂಡಿನ ಬುಡದಲ್ಲಿ, ಕೊರವ ಎಂಬ ಬೇಟೆಗಾರ ಮೀನು ಹೊಂಚುಹಾಕಿರುತ್ತದೆ. ಇಂಥ ಜಾಗದಲ್ಲಿ ನೀರಿನ ಮೇಲೆ ಕೆಂಪು-ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪೊಂದು ಮುದ್ದೆಯಂತೆ ಸರಿದಾಡುತ್ತಾ, ಉಸಿರಿಗಾಗಿ ಒಟ್ಟಿಗೆ ಮೇಲೆದ್ದು ಮುಳುಗುತ್ತಿದ್ದರೆ, ಅದರ ಕೆಳಗೆ ಕಾವಲಿಗೆ ದೊಡ್ಡ ಕೊರವ ಇದೆಯೆಂದು ತಿಳಿಯಬೇಕು. ಮರಿಗಳನ್ನು ಕಾಯುತ್ತಿರುವ ಮೀನು ಹತ್ತಿರ ಬಿದ್ದುದಕ್ಕೆಲ್ಲ ಎರಗುವುದರಿಂದ ಅದನ್ನು ಹಿಡಿಯುವುದು ಬಹಳ ಸುಲಭ. ಆದರೆ ಅದು ಹೋದರೆ ಮರಿಗಳು ಉಳಿಯುವುದಿಲ್ಲ. ಆ ಜಾಗವನ್ನು ಬಿಟ್ಟು ನೂರು ಹೆಜ್ಜೆ ಮುಂದೆ ಹೋಗಿರಿ. ಬೇಸಿಗೆಯಲ್ಲಿ ಮಾತ್ರ ವರದೆಯನ್ನು ನೆಚ್ಚಬಾರದು.

ಶಿಕಾರಿಪುರ, ಹಿರೇಕೆರೂರುಗಳ ಕಡೆಯಿಂದ ಬಂದು ತುಂಗಭದ್ರೆಯನ್ನು ಸೇರುವ ಕುಮುದ್ವತಿ ಸಣ್ಣ ಹೊಳೆ. ಅಕ್ಟೋಬರಿನ ಕೆಲವು ವಾರ ಎರೆಹುಳು ಹಾಕಿ ಪಕ್ಕೆ, ಗೆಂಡೆ ಹಿಡಿಯಲು, ಮಕ್ಕಳಿಗೆ ಗಾಳ ಕಲಿಸಲು ಅದು ಸಾಕು. ಮಲಪ್ರಭೆಯ ಕೆಳಭಾಗದಲ್ಲಿ ಎಲ್ಲವೂ ನವಿಲುತೀರ್ಥದ ಅಣೆಕಟ್ಟೆಯಿಂದ ಬಿಡುವ ನೀರನ್ನು ಅವಲಂಬಿಸಿದೆ. ಎರೆಭೂಮಿಯ ನಡುವೆ ಹರಿಯುವ ಬೆಣ್ಣಿಹಳ್ಳದ ನೀರು ಮಳೆಗಾಲದಲ್ಲಿ ರಾಡಿ, ಅದರ ಪ್ರವಾಹ ಹಠಾತ್ತಾಗಿ ಬರುವಂಥದ್ದು. ಗಾಳಕ್ಕಾಗಿ ಅಲ್ಲಿಗೆ ಹೋಗುವಂತೆ ನಾನು ಯಾರಿಗೂ ಹೇಳುವುದಿಲ್ಲ.

ಎರಡು ಹೊಳೆಗಳನ್ನು ಒಂದೇ ದಿನ ಹೋಲಿಸಬೇಕೆಂದರೆ ಡಿಸೆಂಬರಿನ ಒಂದು ಬೆಳಿಗ್ಗೆ, ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥಕ್ಕೆ ಹೋಗಬೇಕು. ಗಳಗೇಶ್ವರ ಗುಡಿಯ ಹತ್ತಿರ ಗಾಳ ಹಾಕದೆ ದೂರ ನಡೆದು, ಬಿಳಿ ಬಣ್ಣ ಬಳಿದ ಕೋಲನ್ನು ಮೊದಲು ವರದೆಯ ನೀರಿನಲ್ಲಿ, ಆಮೇಲೆ ತುಂಗಭದ್ರೆಯಲ್ಲಿ ನೇರವಾಗಿ ಇಳಿಸಿ, ಅದರ ತುದಿ ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ನೋಡಿರಿ. ಒಂದು ಗೇಣಿನೊಳಗೆ ಕಾಣದಾದರೆ ವಾಸನೆಯಿರುವ ಹಿಂಡಿಯ ಉಂಡೆಯನ್ನೂ, ಒಂದು ಮೊಳ ದಾಟಿದರೆ ತೆಳುವಾದ ದಾರವನ್ನೂ ಬಳಸಿ, ಎರಡು ನೀರು ಒಂದನ್ನೊಂದು ಉಜ್ಜಿಕೊಂಡು ಹರಿಯುವ ಗೆರೆಯ ನಿಧಾನದ ಬದಿಗೆ ಬೆಂಡನ್ನು ಬಿಡಬೇಕು.