ಕೀಪ್ಯಾಡ್ ಕೂಗಿದರೆ ಮೊದಲು ಬ್ಯಾಟರಿ ನೋಡಿ

ಅಮೆರಿಕದಲ್ಲಿ ಹಳೇ ಮನೆ ಕೊಂಡರೆ ಬಾಗಿಲ ಪಕ್ಕ ಒಂದು ಕೀಪ್ಯಾಡ್ ಸಿಗೋದು ಮಾಮೂಲು. ಹಿಂದಿನವರು ಬಿಟ್ಟುಹೋದ ಕಳ್ಳರ ಅಲಾರಂ. ನಮ್ಮ ಮನೆಯದು ಮೊದಲ ಚಳಿಗಾಲದಲ್ಲೇ ಒಂದು ರಾತ್ರಿ ಎರಡು ಗಂಟೆಗೆ ‘ಪೀಂ ಪೀಂ’ ಶುರು ಮಾಡಿತು. ಕಂಪನಿಗೆ ಫೋನ್ ಮಾಡಿದರೆ, ಎಲ್ಲಾ ಹೊಸದು ಹಾಕಿಸಿ, ಮೂರು ವರ್ಷದ ಕರಾರಿಗೆ ಸಹಿ ಮಾಡಿ ಅಂದರು. ಹಾಳಾಗಿದ್ದದ್ದು ಬ್ಯಾಟರಿ ಒಂದೇ!

ಕ್ಲಾಸೆಟ್‌ನಲ್ಲೋ ಬೇಸ್‌ಮೆಂಟ್‌ನಲ್ಲೋ ಅಲಾರಂನ ‘ಪ್ಯಾನಲ್’ ಅನ್ನೋ ತಗಡಿನ ಡಬ್ಬ ಇರುತ್ತದೆ, ಹುಡುಕಿ. ಒಳಗೆ ಕಂಪ್ಯೂಟರ್ ಯುಪಿಎಸ್‌ನಲ್ಲಿರುತ್ತಲ್ಲ, ಅಂಥದೇ 12 ವೋಲ್ಟಿನ ಪುಟ್ಟ ಬ್ಯಾಟರಿ. 3ರಿಂದ 5 ವರ್ಷ ಬಾಳುತ್ತದೆ. ಮೈ ಉಬ್ಬಿದ್ದರೆ ಮುಗೀತು. ಫೋಟೊ ತೆಗೆದುಕೊಂಡು ಹೋಗಿ ಅದೇ ಅಳತೆಯದು ತನ್ನಿ, 20-30 ಡಾಲರ್ ಆಗಬಹುದು. ನಿಮ್ಮ ಅಲಾರಂ ಮೇಲೆ ಕಂಪನಿಯವರು ದೂರದಿಂದ ನಿಗಾ ಇಟ್ಟಿದ್ದರೆ, ಕೈ ಹಾಕುವ ಮುಂಚೆ ಫೋನ್ ಮಾಡಿ ‘ಟೆಸ್ಟ್ ಮೋಡ್’ಗೆ ಹಾಕಿಸಿ. ಇಲ್ಲದಿದ್ದರೆ ಸ್ಕ್ರೂಡ್ರೈವರ್ ಹಿಡಿದು ನಿಂತಾಗಲೇ ಪೊಲೀಸರು ಬಂದಾರು. ಸುಮ್ನೆ ಕೂಗಿದ ಅಲಾರಂಗೆ ಎಷ್ಟೋ ಊರುಗಳಲ್ಲಿ ದಂಡವೂ ಉಂಟು.

ಗೋಡೆಯ ಪ್ಲಗ್ಗಿನಿಂದ ಡಬ್ಬಕ್ಕೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ತೆಗೆದು, ಆಮೇಲೆ ಬ್ಯಾಟರಿ ಬದಲಿಸಿ. ಕೆಂಪು ವೈರು ಕೆಂಪಿಗೆ, ಕಪ್ಪು ಕಪ್ಪಿಗೆ. ಅದಲುಬದಲಾದರೆ ಬೋರ್ಡೇ ಹೋದೀತು. ಹೊಸದು ಹಾಕಿದ ಮೇಲೂ ಪೀಂ ಅಂದರೆ ಗಾಬರಿ ಬೇಡ. ಚಾರ್ಜ್ ಆಗೋಕೆ ಒಂದು ದಿನ ಹಿಡಿಯಬಹುದು. ನಾನಂತೂ ಎರಡು ಸಲ ಬಿಚ್ಚಿ, ಎರಡು ಸಲ ಕಟ್ಟಿದೆ. ಹಳೇದರಲ್ಲಿ ಸೀಸ ಇದೆ, ಕಸಕ್ಕೆ ಎಸೆಯಬೇಡಿ. ಕಾರಿನ ಬ್ಯಾಟರಿ ಮಾರುವ ಅಂಗಡಿಯಲ್ಲಿ ವಿಚಾರಿಸಿ.

ಬಾಗಿಲು ಹಾಕಿದ್ದರೂ ‘ತೆರೆದಿದೆ’ ಅಂತ ತೋರಿಸುತ್ತಾ? ಚೌಕಟ್ಟಿನಲ್ಲೊಂದು ಸ್ವಿಚ್ಚು, ಬಾಗಿಲಲ್ಲೊಂದು ಆಯಸ್ಕಾಂತ ಇರುತ್ತವೆ. ಸಾಮಾನ್ಯವಾಗಿ ಅವುಗಳ ನಡುವಿನ ಸಂದು ಜಾಸ್ತಿಯಾಗಿರುತ್ತದೆ, ಅಷ್ಟೇ. ಆಯಸ್ಕಾಂತವನ್ನು ಸ್ವಿಚ್ಚಿನ ಹತ್ತಿರಕ್ಕೆ ತಂದು ಅಂಟಿಸಲು ಎರಡೂ ಕಡೆ ಅಂಟುವ ಟೇಪ್ ಸಾಕು.

ನಿಗಾ ಇಡಲು ಕಂಪನಿಗೆ ತಿಂಗಳ ಫೀ ಕಟ್ಟುವ ಮೊದಲು ಇದೊಂದು ಕೇಳಿ: ಪ್ಯಾನಲ್ ಸುದ್ದಿ ಕಳಿಸೋದು ಹಳೇ 3ಜಿ ಮೊಬೈಲ್ ನೆಟ್‌ವರ್ಕಿನಲ್ಲಾ? 2022ರಲ್ಲಿ ಇಲ್ಲಿನ ದೊಡ್ಡ ಫೋನ್ ಕಂಪನಿಗಳು 3ಜಿ ನಿಲ್ಲಿಸಿದವು. ಅಂಥ ಪ್ಯಾನಲ್‌ನಲ್ಲಿ ಸೈರನ್ ಕೂಗುತ್ತದೆ, ಆದರೆ ಸುದ್ದಿ ಹೊರಗೆ ಹೋಗಲ್ಲ.

ಇನ್ನು ಮನೆಯೊಳಗಿನ ಓಡಾಟ ಗುರುತಿಸುವ ಮೋಶನ್ ಸೆನ್ಸರ್. ಅದರ ಲೆನ್ಸಿನ ಮೇಲೆ ಜೇಡ ಓಡಾಡಿದರೂ ಸಾಕು, ಅಲಾರಂ ಕಿರುಚಬಹುದು. ಆಗಾಗ ಒರೆಸಿ. ಮಗನ ಹುಟ್ಟುಹಬ್ಬದ ರಾತ್ರಿ ಹೀಟರಿನ ಗಾಳಿಗೆ ಹೀಲಿಯಂ ಬಲೂನು ತೇಲಿ ಬಂದು ನಮ್ಮನ್ನೆಲ್ಲ ಎಬ್ಬಿಸಿತ್ತು. ಈಗ ಕೇಕ್ ಮುಗಿದ ಕೂಡಲೇ ಬಲೂನುಗಳನ್ನೆಲ್ಲ ಬಾತ್‌ರೂಮಿಗೆ ತಳ್ಳಿ ಚಿಲಕ ಹಾಕುತ್ತೇವೆ.